ಕಣ್ಣೀರಿನ ದಿನವೂ ಸ್ತೋತ್ರದ ದಿನವೇ



ಬೆಟ್ಟ ಹತ್ತಿ ಬಂದಿದ್ದೀರಿ. ಮೊದಲು ಸ್ವಲ್ಪ ಕುಳಿತುಕೊಳ್ಳಿ. ಬೆವರು ಒರೆಸಿಕೊಳ್ಳಿ, ನೀರು ಕುಡಿಯಿರಿ. ಈ ಪುಟಗಳನ್ನು ಆಮೇಲೆ ಓದಿದರೂ ಆಯಿತು.

ನಿಮ್ಮಲ್ಲಿ ಕೆಲವರು ಹರಕೆ ತೀರಿಸಲು ಬಂದವರು. ಮಗಳ ಮದುವೆ ಆಯಿತು, ಮಗನಿಗೆ ಕೆಲಸ ಸಿಕ್ಕಿತು, ಆಪರೇಷನ್ ಚೆನ್ನಾಗಿ ಆಯಿತು ಅಂತ ಮೇಣದ ಬತ್ತಿ ಹಿಡಿದು ಬಂದಿದ್ದೀರಿ. ನಿಮ್ಮ ಬಾಯಲ್ಲಿ ದೇವರ ಸ್ತೋತ್ರ ತಾನಾಗಿಯೇ ಬರುತ್ತದೆ. ಇನ್ನು ಕೆಲವರು ಭಾರ ಹೊತ್ತು ಬಂದವರು. ಬೋರ್‌ವೆಲ್ ಬತ್ತಿದೆ, ಸಾಲ ಬೆಳೆದಿದೆ, ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಕುಡಿತದಿಂದ ಸಂಸಾರ ಹಾಳಾಗಿದೆ. ಮನೆಯ ಗೋಡೆಯ ಮೇಲೆ ಹೊಸದಾಗಿ ಒಂದು ಫೋಟೋ ನೇತುಹಾಕಿ, ಅದಕ್ಕೆ ಹಾರ ಹಾಕಿ ಬಂದವರೂ ಇದ್ದೀರಿ. ಈ ಮಾತುಗಳು ಇಬ್ಬರಿಗೂ ಸೇರಿದವು. ಆದರೆ ಹೆಚ್ಚಾಗಿ ಎರಡನೆಯವರಿಗೆ.

ಬೆಟ್ಟ ಹತ್ತುವವರ ಹಾಡುಗಳು

ಪವಿತ್ರ ಬೈಬಲಿನ ಕೀರ್ತನೆಗಳ ಗ್ರಂಥದಲ್ಲಿ 150 ಕೀರ್ತನೆಗಳಿವೆ. ಅದರಲ್ಲಿ 120ರಿಂದ 134ರವರೆಗಿನ ಹದಿನೈದು ಕೀರ್ತನೆಗಳಿಗೆ ಒಂದೇ ತಲೆಬರಹ ಇದೆ. ಮೇಲಕ್ಕೆ ಹತ್ತಿಹೋಗುವಾಗ ಹಾಡುವ ಗೀತೆಗಳು ಅಂತ ಅದರ ಅರ್ಥ. ಜೆರುಸಲೇಮ್ ಇರುವುದು ಬೆಟ್ಟದ ಮೇಲೆ. ಹಬ್ಬಕ್ಕೆ ಅಲ್ಲಿಗೆ ಯಾತ್ರೆ ಹೋಗುತ್ತಿದ್ದ ಜನ ದಾರಿಯಲ್ಲಿ ಹಾಡಿಕೊಳ್ಳುತ್ತಿದ್ದ ಹಾಡುಗಳಿವು ಎಂದು ಪಂಡಿತರು ಹೇಳುತ್ತಾರೆ. ನೀವು ಇವತ್ತು ಮಾಡಿದ್ದೂ ಅದೇ ತಾನೇ?

ಈ ಹದಿನೈದನ್ನು ಒಂದೊಂದು ಮೆಟ್ಟಿಲು ಅಂದುಕೊಂಡು ಓದಿ ನೋಡಿ. ಮೊದಲನೆಯದು ಶುರುವಾಗುವುದೇ ಸಂಕಟದಿಂದ. ಸುಳ್ಳು ಹೇಳುವವರ ನಡುವೆ, ಜಗಳಗಂಟರ ನಡುವೆ ಬದುಕಿ ಬೇಸತ್ತವನು ದೇವರಿಗೆ ಮೊರೆ ಇಡುತ್ತಾನೆ. ನಡುವೆ ಒಂದು ಕಡೆ ಅಳುತ್ತಲೇ ಬಿತ್ತನೆ ಮಾಡುವವರ ಮಾತು ಬರುತ್ತದೆ. 130ನೆಯದು ಆಳವಾದ ಹಳ್ಳದಲ್ಲಿ ಬಿದ್ದವನ ಕೂಗು. ಕೊನೆಯ ಮೆಟ್ಟಿಲು 134ನೆಯದು. ಅಲ್ಲಿ ರಾತ್ರಿ ಹೊತ್ತು ದೇವಾಲಯದಲ್ಲಿ ನಿಂತವರು ಕೈ ಎತ್ತಿ ಸರ್ವೇಶ್ವರನನ್ನು ಸ್ತುತಿಸಬೇಕೆಂಬ ಕರೆ ಇದೆ. ಗಮನಿಸಿದಿರಾ? ರಾತ್ರಿ ಹೊತ್ತು! ಬೆಳಕು ಹರಿದ ಮೇಲೆ ಅಲ್ಲ.

ಹಾಗಾದರೆ ಯಾತ್ರೆ ಸಂಕಟದಲ್ಲಿ ಶುರುವಾಗಿ ಸ್ತೋತ್ರದಲ್ಲಿ ಮುಗಿಯುತ್ತದೆ. ಆದರೆ ಮೊದಲನೆಯ ಮೆಟ್ಟಿಲಿನಿಂದ ಹದಿನೈದನೆಯದಕ್ಕೆ ಯಾರೂ ಹಾರಿ ಹೋಗುವುದಿಲ್ಲ. ಈ ಮಾತನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿದ ಮೇಲೆ. ಆ ತಪ್ಪನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಒಬ್ಬ ತಾಯಿ ಕೇಳಿದ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಒಂದು ಹಬ್ಬದ ದಿನ ಬಲಿಪೂಜೆ ಮುಗಿದ ಮೇಲೆ ಜನರಿಗೆ ಆಶೀರ್ವಾದ ಕೊಡುತ್ತಾ ನಿಂತಿದ್ದೆ. ಆವತ್ತಿನ ಪ್ರಬೋಧನೆಯಲ್ಲಿ, ಎಂಥ ಕಷ್ಟ ಬಂದರೂ ದೇವರಿಗೆ ಸ್ತೋತ್ರ ಹೇಳಬೇಕು ಅಂತ ಜೋರಾಗಿಯೇ ಮಾತಾಡಿದ್ದೆ. ಮೈಕು ಇತ್ತು, ಜನ ಇದ್ದರು, ಮಾತು ಸಲೀಸಾಗಿ ಬಂತು. ಸಾಲಿನಲ್ಲಿ ನಿಂತಿದ್ದ ಒಬ್ಬ ತಾಯಿ ನನ್ನ ಮುಂದೆ ಬಂದಾಗ ತಲೆ ಬಾಗಿಸಲಿಲ್ಲ. ನೇರವಾಗಿ ನನ್ನನ್ನೇ ನೋಡಿದರು.

"ಸ್ವಾಮಿ, ದಿನಾ ಬೆಳಿಗ್ಗೆ ಸ್ತೋತ್ರ ಹೇಳ್ಕೊಂಡೇ ಬಂದೋಳು ನಾನು. ಒಂದಿನಾನೂ ಬಿಟ್ಟಿಲ್ಲ. ಮೂರು ತಿಂಗಳ ಹಿಂದೆ ಮಗ ಬೈಕಲ್ಲಿ ಹೋದೋನು ಮನೆಗೆ ಬರ್ಲಿಲ್ಲ. ಇನ್ನೂ ಹತ್ತೊಂಬತ್ತು ವರ್ಷ. ಈಗ ಯಾವ ಬಾಯಲ್ಲಿ ಹೇಳ್ಲಿ, ನೀವೇ ಹೇಳಿ."

ಹಿಂದೆ ಉದ್ದನೆಯ ಸಾಲಿತ್ತು. ನಾನು ಅವಸರದಲ್ಲಿ, "ಅಮ್ಮಾ, ಎಲ್ಲಾ ದೇವರ ಚಿತ್ತ. ಸ್ತೋತ್ರ ಹೇಳೋದನ್ನ ಬಿಡಬೇಡಿ, ಸಮಾಧಾನ ಸಿಗುತ್ತೆ" ಅಂದುಬಿಟ್ಟೆ. ಆ ತಾಯಿ ಏನೂ ಹೇಳಲಿಲ್ಲ. ಆಶೀರ್ವಾದವನ್ನೂ ತೆಗೆದುಕೊಳ್ಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಇಳಿದು ಹೋದರು.

ಅವರು ಮತ್ತೆ ಬಂದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅವರ ಊರು ಯಾವುದು ಅಂತಲೂ ನಾನು ಕೇಳಲಿಲ್ಲ. ಆದರೆ ಅವರ ಪ್ರಶ್ನೆ ನನ್ನ ಹತ್ತಿರವೇ ಉಳಿದುಹೋಯಿತು. ಯಾವ ಬಾಯಲ್ಲಿ ಹೇಳಲಿ?

ನನ್ನ ಅವ್ವನ ಉತ್ತರ

ನಮ್ಮಪ್ಪ ತೀರಿಕೊಂಡಾಗ ನಾನು ಏಳನೇ ಕ್ಲಾಸು. ಸಮಾಧಿ ಮಾಡಿ ಬಂದ ಮಾರನೆಯ ಬೆಳಿಗ್ಗೆ ಎಚ್ಚರವಾದಾಗ ಒಲೆಯ ಹೊಗೆ ಬರುತ್ತಿತ್ತು. ಅವ್ವ ಒಲೆಯ ಮುಂದೆ ಕುಳಿತು, ಹಣೆಗೆ ಎದೆಗೆ ಭುಜಕ್ಕೆ ಶಿಲುಬೆ ಗುರುತು ಹಾಕಿಕೊಂಡು, ದಿನಾ ಹೇಳುವ ಮಾತನ್ನೇ ಹೇಳಿದಳು. "ಯೇಸುವೇ, ನಿಮಗೆ ಸ್ತೋತ್ರ. ಈ ದಿನ ನಿಮ್ಮದು." ನನಗೆ ಸಿಟ್ಟು ಬಂತು. ಅಪ್ಪ ಸತ್ತಿದ್ದಾನೆ, ಇವಳಿಗೆ ಏನೂ ಅನ್ನಿಸುವುದೇ ಇಲ್ಲವಾ ಅಂದುಕೊಂಡೆ.

ಆ ತಾಯಿಯ ಪ್ರಶ್ನೆ ಬಂದ ಮೇಲೆ ಊರಿಗೆ ಹೋದಾಗ ಅವ್ವನನ್ನು ಕೇಳಿದೆ. "ಅವ್ವಾ, ಅಪ್ಪನ ಮಣ್ಣು ಮಾಡಿ ಬಂದ ಮಾರನೇ ದಿನ ಹೆಂಗೆ ಸ್ತೋತ್ರ ಹೇಳ್ದೆ?" ಅವಳು ಸೊಪ್ಪು ಬಿಡಿಸುತ್ತಾ ಇದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:

"ಮನಸ್ಸು ಎಲ್ಲಿತ್ತು ಕಣಪ್ಪ? ಮನಸ್ಸಿರಲಿಲ್ಲ. ಬಾಯಿ ಹೇಳ್ತು, ಅಷ್ಟೇ. ಎಷ್ಟೋ ವರ್ಷದಿಂದ ಹೇಳಿದ್ದ ಬಾಯಿ. ಅದು ಮುಂದೆ ಮುಂದೆ ಹೋಗ್ತಿತ್ತು. ಮನಸ್ಸು ಬರೋಕೆ ಎರಡು ವರ್ಷ ಆಯ್ತು. ನಡುವೆ ದೇವರ ಜೊತೆ ಜಗಳಾನೂ ಆಡಿದ್ದೀನಿ. ಹಿತ್ತಲಲ್ಲಿ ನಿಂತ್ಕೊಂಡು ಬೈದಿದ್ದೀನಿ. ಆದ್ರೆ ಬೆಳಿಗ್ಗೆ ಎದ್ದಾಗ ಬಾಯಿ ಮಾತ್ರ ಹೇಳ್ತಾನೇ ಇತ್ತು."

ಪ್ರಿಯರೇ, ನಾನು ಸೆಮಿನರಿಯಲ್ಲಿ ಓದಿದ ಪುಸ್ತಕಗಳಲ್ಲಿ ಸಿಗದ ಉತ್ತರ ಇದರಲ್ಲಿತ್ತು. ಸ್ತೋತ್ರ ಒಂದು ಅಭ್ಯಾಸ. ಒಳ್ಳೆಯ ದಿನಗಳಲ್ಲಿ ಅದನ್ನು ಮನಸ್ಸಿಟ್ಟು ಮಾಡುತ್ತೇವೆ. ಮನಸ್ಸು ಮುರಿದ ದಿನ ಆ ಅಭ್ಯಾಸ ನಮ್ಮನ್ನು ಸ್ವಲ್ಪ ದೂರ ಕೈಹಿಡಿದು ನಡೆಸುತ್ತದೆ. ಮನಸ್ಸು ತಡವಾಗಿ ಬಂದರೆ ದೇವರು ಕಾಯುತ್ತಾರೆ.

ಸ್ತೋತ್ರ ಅಂದರೆ ಏನಲ್ಲ?

ಸ್ತುತಿಯ ಬಗ್ಗೆ ನಮ್ಮಲ್ಲಿ ಮೂರು ತಪ್ಪು ತಿಳಿವಳಿಕೆಗಳಿವೆ. ಅವನ್ನು ಮೊದಲು ತೆಗೆದುಹಾಕೋಣ.

ಒಂದನೆಯದು, ಸ್ತೋತ್ರ ಹೇಳಿದರೆ ಕೆಲಸ ಆಗುತ್ತದೆ ಎನ್ನುವುದು. ಇದಕ್ಕೆ ಆಧಾರವಾಗಿ ಪೌಲ ಮತ್ತು ಸೀಲರ ಕಥೆಯನ್ನು ಹೇಳುವವರುಂಟು (ಪ್ರೇಷಿತರ ಕಾರ್ಯಕಲಾಪಗಳು 16). ಫಿಲಿಪ್ಪಿ ಪಟ್ಟಣದಲ್ಲಿ ದೆವ್ವ ಹಿಡಿದಿದ್ದ ಒಬ್ಬ ದಾಸಿ ಹುಡುಗಿಯನ್ನು ಪೌಲನು ಬಿಡುಗಡೆ ಮಾಡಿದ. ಅವಳ ಕಣಿಯಿಂದ ಹಣ ಮಾಡುತ್ತಿದ್ದ ಯಜಮಾನರಿಗೆ ಸಂಪಾದನೆ ನಿಂತುಹೋಯಿತು. ಅವರು ಇಬ್ಬರನ್ನೂ ಹಿಡಿಸಿ, ಬೆತ್ತದಿಂದ ಹೊಡೆಸಿ, ಸೆರೆಮನೆಯ ಒಳಕೋಣೆಗೆ ಹಾಕಿಸಿದರು. ಕಾಲಿಗೆ ಕೋಳ. ಬೆನ್ನಿನ ಗಾಯ ಇನ್ನೂ ಒಣಗಿಲ್ಲ. ನಡುರಾತ್ರಿ ಅವರು ಪ್ರಾರ್ಥಿಸುತ್ತಾ ದೇವರಿಗೆ ಹಾಡು ಹಾಡಿದರು. ಮಿಕ್ಕ ಕೈದಿಗಳು ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಭೂಕಂಪವಾಯಿತು, ಬಾಗಿಲು ತೆರೆದವು, ಬೇಡಿ ಕಳಚಿಬಿದ್ದವು.

ಇಲ್ಲಿ ಎರಡು ವಿಷಯ ನೋಡಿ. ಅವರು ಹಾಡಿದ್ದು ಭೂಕಂಪಕ್ಕೆ ಮುಂಚೆ. ಬಾಗಿಲು ತೆರೆಯುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ಮತ್ತೆ, ಬಾಗಿಲು ತೆರೆದ ಮೇಲೆ ಅವರು ಓಡಿಹೋಗಲೂ ಇಲ್ಲ. ಕೈದಿಗಳು ತಪ್ಪಿಸಿಕೊಂಡರೆಂದು ತಿಳಿದು ಕತ್ತಿಯಿಂದ ತನ್ನನ್ನೇ ಕೊಂದುಕೊಳ್ಳಲು ಹೊರಟಿದ್ದ ಕಾವಲುಗಾರನನ್ನು ಕೂಗಿ ತಡೆದರು. ಆ ರಾತ್ರಿಯೇ ಅವನು ಅವರ ಗಾಯ ತೊಳೆದ, ಮನೆಯವರೆಲ್ಲರ ಜೊತೆ ಜ್ಞಾನಸ್ನಾನ ಪಡೆದ. ಆ ಹಾಡಿನ ಫಲ ಮುರಿದ ಬಾಗಿಲಲ್ಲ, ಉಳಿದ ಒಂದು ಜೀವ.

ಅದೇ ಗ್ರಂಥದಲ್ಲಿ ನಾಲ್ಕು ಅಧ್ಯಾಯ ಹಿಂದಕ್ಕೆ ಹೋಗಿ, 12ನೆಯ ಅಧ್ಯಾಯ ಓದಿ. ಹೆರೋದ ರಾಜನು ಪೇತ್ರನನ್ನು ಸೆರೆಗೆ ಹಾಕಿದ, ದೇವದೂತನು ಬಂದು ಬಿಡಿಸಿದ. ಆದರೆ ಅದಕ್ಕೆ ಸ್ವಲ್ಪ ಮೊದಲು ಅದೇ ಹೆರೋದನು ಯೊವಾನ್ನನ ಅಣ್ಣ ಯಕೋಬನನ್ನು ಕತ್ತಿಯಿಂದ ಕೊಲ್ಲಿಸಿದ್ದ. ಯಕೋಬನ ಪ್ರಾರ್ಥನೆ ಕಡಿಮೆಯಾಗಿತ್ತೇ? ಅವನ ತಾಯಿಯ ಕಣ್ಣೀರು ಕಡಿಮೆಯಾಗಿತ್ತೇ? ಹಾಗೆ ಹೇಳುವ ಧೈರ್ಯ ಯಾರಿಗೂ ಬೇಡ. ಎಲ್ಲಾ ಸೆರೆಮನೆಯ ಬಾಗಿಲೂ ತೆರೆಯುವುದಿಲ್ಲ. ಸ್ತೋತ್ರ ಬೀಗದ ಕೈ ಅಲ್ಲ, ದೇವರಿಗೆ ಕೊಡುವ ಲಂಚವೂ ಅಲ್ಲ. ನಮ್ಮ ಹೊಗಳಿಕೆಯಿಂದ ದೇವರ ಮಹಿಮೆಗೆ ಒಂದು ಗುಲಗಂಜಿಯಷ್ಟೂ ಸೇರುವುದಿಲ್ಲ. ಅದು ಬೇಕಾಗಿರುವುದು ನಮಗೆ.

ಎರಡನೆಯದು, ಸ್ತೋತ್ರ ಅಂದರೆ ಅಳದೆ ನಗುಮುಖ ಮಾಡಿಕೊಂಡಿರುವುದು ಎನ್ನುವುದು. ಕೀರ್ತನೆಗಳ ಗ್ರಂಥಕ್ಕೆ ಹಿಬ್ರೂ ಭಾಷೆಯಲ್ಲಿ ಇರುವ ಹೆಸರು ತೆಹಿಲ್ಲೀಮ್. ಅಂದರೆ ಸ್ತುತಿಗಳು. ಆದರೆ ಒಳಗೆ ಓದಿದರೆ ಮೂರರಲ್ಲಿ ಒಂದು ಪಾಲು ಗೋಳಾಟವೇ. ಎಷ್ಟು ದಿನ ಮರೆತಿರುತ್ತೀರಿ, ಯಾಕೆ ಮುಖ ಮರೆಸಿಕೊಂಡಿರಿ ಎಂಬ ಪ್ರಶ್ನೆಗಳೇ. 88ನೆಯ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೆ ಒಂದು ಸಮಾಧಾನದ ಮಾತೂ ಇಲ್ಲ. ಆದರೂ ಅದನ್ನು ಸ್ತುತಿಗಳ ಪುಸ್ತಕದಿಂದ ಯಾರೂ ಕಿತ್ತುಹಾಕಲಿಲ್ಲ. ಯಾಕೆಂದರೆ ದೇವರ ಮುಂದೆ ನಿಂತು ಅಳುವವನು ದೇವರನ್ನು ಬಿಟ್ಟುಹೋಗಿಲ್ಲ. ನಮ್ಮ ಯೇಸುಸ್ವಾಮಿಯೇ ಶಿಲುಬೆಯ ಮೇಲೆ 22ನೆಯ ಕೀರ್ತನೆಯ ಮೊದಲ ಮಾತನ್ನು ಕೂಗಿದರು. ಅದು ಕೈಬಿಟ್ಟವರ ಕೂಗು. ಅದೇ ಕೀರ್ತನೆ ಮುಂದೆ ಹೋಗುತ್ತಾ ಸಭೆಯ ನಡುವೆ ಸ್ತುತಿ ಹಾಡುವಲ್ಲಿಗೆ ಮುಟ್ಟುತ್ತದೆ. ಕೂಗೂ ಸ್ತುತಿಯೂ ಒಂದೇ ಹಾಡಿನ ಎರಡು ತುದಿ.

ಮೂರನೆಯದು, ಬಂದ ಕೇಡಿಗೇ ಸ್ತೋತ್ರ ಹೇಳಬೇಕು ಎನ್ನುವುದು. ಸಂತ ಪೌಲರು ಥೆಸಲೋನಿಯದವರಿಗೆ ಬರೆದ ಮೊದಲನೆಯ ಪತ್ರದಲ್ಲಿ (5:18) ಎಲ್ಲಾ ಪರಿಸ್ಥಿತಿಯಲ್ಲೂ ಕೃತಜ್ಞತೆ ಸಲ್ಲಿಸಲು ಹೇಳುತ್ತಾರೆ. ಎಲ್ಲಾ ಪರಿಸ್ಥಿತಿಯಲ್ಲಿ ಅಂದರೆ ಬೇರೆ, ಎಲ್ಲಾ ಪರಿಸ್ಥಿತಿಗೋಸ್ಕರ ಅಂದರೆ ಬೇರೆ. ಕ್ಯಾನ್ಸರಿಗೆ ಸ್ತೋತ್ರ ಹೇಳಬೇಕಾಗಿಲ್ಲ. ಮಗನ ಸಾವಿಗೆ ಸ್ತೋತ್ರ ಹೇಳಬೇಕಾಗಿಲ್ಲ. ಕುಡಿದು ಬಂದು ಹೊಡೆಯುವ ಗಂಡನ ಏಟನ್ನು ಸ್ತೋತ್ರ ಅಂತ ತಿಂದುಕೊಂಡು ಕೂರಬೇಕು ಅಂತ ಯಾವ ಸ್ವಾಮಿಯಾದರೂ ಹೇಳಿದರೆ ಅದು ಶುಭಸಂದೇಶವಲ್ಲ. ಅಕ್ಕಂದಿರೇ, ಅಲ್ಲಿಂದ ಹೊರಗೆ ಬನ್ನಿ, ಸಹಾಯ ಕೇಳಿ. ಅನ್ಯಾಯವನ್ನು ಅನ್ಯಾಯ ಎನ್ನಬೇಕು. ನಾವು ಸ್ತೋತ್ರ ಹೇಳುವುದು ಕತ್ತಲೆಗಲ್ಲ, ಕತ್ತಲೆಯಲ್ಲೂ ನಮ್ಮ ಜೊತೆಗಿರುವವರಿಗೆ.

ದಿನಾ ಮಾಡಿದ್ದೇ ಆವತ್ತು ಕೈಹಿಡಿಯುತ್ತದೆ

ದಾನಿಯೇಲನ ಗ್ರಂಥದ 6ನೆಯ ಅಧ್ಯಾಯ ನಿಮಗೆ ಗೊತ್ತು. ಮೂವತ್ತು ದಿನ ರಾಜನನ್ನು ಬಿಟ್ಟು ಯಾರಿಗೂ ಪ್ರಾರ್ಥನೆ ಮಾಡಬಾರದು, ಮಾಡಿದರೆ ಸಿಂಹದ ಗವಿ ಎಂಬ ಆಜ್ಞೆ ಹೊರಟಿತು. ಆಜ್ಞೆಗೆ ಸಹಿ ಬಿದ್ದಿದೆ ಅಂತ ತಿಳಿದ ಮೇಲೆ ದಾನಿಯೇಲ ಏನು ಮಾಡಿದ? ಮನೆಗೆ ಹೋದ. ಜೆರುಸಲೇಮಿನ ಕಡೆಗೆ ತೆರೆದಿದ್ದ ಕಿಟಕಿಯ ಮುಂದೆ ದಿನಕ್ಕೆ ಮೂರು ಸಲ ಮೊಣಕಾಲೂರಿ ದೇವರಿಗೆ ಸ್ತೋತ್ರ ಸಲ್ಲಿಸಿದ. ಗ್ರಂಥಕರ್ತನು ಇಲ್ಲಿ ಒಂದು ಚಿಕ್ಕ ಮಾತು ಸೇರಿಸುತ್ತಾನೆ: ಅವನು ಮೊದಲಿನಿಂದಲೂ ಮಾಡುತ್ತಿದ್ದುದನ್ನೇ ಮಾಡಿದ ಅಂತ. ಆವತ್ತು ಹೊಸದಾಗಿ ಧೈರ್ಯ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಮೊಣಕಾಲಿಗೆ ಜಾಗ ಗೊತ್ತಿತ್ತು.

ನಮ್ಮ ಧರ್ಮಸಭೆಯೂ ಇದಕ್ಕಾಗಿಯೇ ಗಂಟೆ ಬಾರಿಸುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತ್ರಿಕಾಲ ಪ್ರಾರ್ಥನೆಯ ಗಂಟೆ. ಹೊಲದಲ್ಲಿದ್ದವರು ಗುದ್ದಲಿ ನಿಲ್ಲಿಸಿ, ತಲೆಯ ಮೇಲಿನ ಟವೆಲ್ ತೆಗೆದು ನಿಲ್ಲುತ್ತಿದ್ದರು. ಗಂಟೆ ನಮ್ಮ ಮನಸ್ಸು ಹೇಗಿದೆ ಅಂತ ಕೇಳುವುದಿಲ್ಲ. ಹೊತ್ತಾಯಿತು ಅಂತ ಹೇಳುತ್ತದೆ.

2020ನೇ ಇಸವಿ ನೆನಪಿದೆಯೇ? ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಏಪ್ರಿಲ್ 12ರ ಈಸ್ಟರ್ ಹಬ್ಬಕ್ಕೆ ದೇವಾಲಯಗಳಲ್ಲಿ ಜನ ಇಲ್ಲ. ದಿವ್ಯಪ್ರಸಾದ ಇಲ್ಲ, ತೇರಿಲ್ಲ, ಯಾತ್ರೆ ಇಲ್ಲ. ಮರುವರ್ಷ ಎರಡನೆಯ ಅಲೆಯಲ್ಲಿ ಎಷ್ಟೋ ಮನೆಗಳವರಿಗೆ ತಮ್ಮವರ ಮುಖ ಕೊನೆಯ ಸಲ ನೋಡಲೂ ಆಗಲಿಲ್ಲ. ಆವಾಗ ನಾನು ಕಂಡದ್ದು ಇಷ್ಟು: ಮೊದಲಿನಿಂದಲೂ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಜಪಸರ ಹೇಳುತ್ತಿದ್ದ ಮನೆಗಳಿಗೆ ಹಿಡಿದುಕೊಳ್ಳಲು ಒಂದು ಹಗ್ಗ ಇತ್ತು. ಭಾನುವಾರದ ಬಲಿಪೂಜೆ ಒಂದನ್ನೇ ನಂಬಿದ್ದವರಿಗೆ ಕೈ ಖಾಲಿಯಾಯಿತು. ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಮಳೆಗೆ ಮೊದಲು ಮಾಡು ಸರಿಮಾಡಿಕೊಳ್ಳೋಣ ಅಂತ ಹೇಳುತ್ತಿದ್ದೇನೆ.

ಯೇಸುಸ್ವಾಮಿ ಕೂಡ ಹಾಗೆಯೇ ಮಾಡಿದರು. ಕೊನೆಯ ಭೋಜನದ ರಾತ್ರಿ ರೊಟ್ಟಿಯನ್ನು ಕೈಗೆ ತೆಗೆದುಕೊಂಡು ಕೃತಜ್ಞತೆ ಸಲ್ಲಿಸಿದರು. ನಾವು ಬಲಿಪೂಜೆಗೆ ಬಳಸುವ ಯೂಖರಿಸ್ತಿಯಾ ಎಂಬ ಗ್ರೀಕ್ ಮಾತಿಗೆ ಕೃತಜ್ಞತಾ ಸಮರ್ಪಣೆ ಅಂತಲೇ ಅರ್ಥ. ಊಟವಾದ ಮೇಲೆ ಶಿಷ್ಯರ ಜೊತೆ ಸ್ತುತಿಗೀತೆ ಹಾಡಿ ಓಲಿವ್ ಗುಡ್ಡಕ್ಕೆ ಹೋದರು (ಮತ್ತಾಯ 26:30). ಪಾಸ್ಕ ಹಬ್ಬದ ರಾತ್ರಿ ಯೆಹೂದ್ಯರು ಹಾಡುವ ಪದ್ಧತಿ ಇತ್ತು, ಅದನ್ನೇ ಹಾಡಿದರು. ಅದಾಗಿ ಸ್ವಲ್ಪ ಹೊತ್ತಿಗೆ ಗೆತ್ಸೆಮನೆಯಲ್ಲಿ ನೆಲಕ್ಕೆ ಬಿದ್ದು, ಈ ಪಾತ್ರೆ ನನಗೆ ಬೇಡ, ಆದರೂ ನಿಮ್ಮ ಚಿತ್ತದಂತೆ ಆಗಲಿ ಅಂತ ತಂದೆಯನ್ನು ಬೇಡಿಕೊಂಡರು. ಹಾಡಿದ ಬಾಯಿಯೇ ಬೇಡವೆಂದೂ ಕೇಳಿತು. ಎರಡೂ ಪ್ರಾರ್ಥನೆಯೇ.

ಇಬ್ಬರು ಸಾಕ್ಷಿಗಳು

ಅಸ್ಸಿಸಿಯ ಸಂತ ಫ್ರಾನ್ಸಿಸರು ಸೂರ್ಯ, ಚಂದ್ರ, ಗಾಳಿ, ನೀರು, ಬೆಂಕಿಯನ್ನು ಅಣ್ಣ, ಅಕ್ಕ ಎಂದು ಕರೆದು ದೇವರನ್ನು ಸ್ತುತಿಸಿದ ಹಾಡು ಲೋಕಕ್ಕೆಲ್ಲ ಗೊತ್ತು. ಹೂವಿನ ತೋಟದಲ್ಲಿ ಕುಳಿತು ಬರೆದಿರಬೇಕು ಅಂದುಕೊಳ್ಳುತ್ತೇವೆ. ಹಾಗಲ್ಲ. ಅದು 1225ನೇ ಇಸವಿ. ಸಾನ್ ದಾಮಿಯಾನೋ ಎಂಬಲ್ಲಿ ಚಾಪೆಯಿಂದ ಕಟ್ಟಿದ ಒಂದು ಗೂಡಿನಂಥ ಕೋಣೆಯಲ್ಲಿ ಅವರು ಮಲಗಿದ್ದರು. ಕಣ್ಣಿನ ಕಾಯಿಲೆ ಎಷ್ಟಿತ್ತೆಂದರೆ ಹಗಲಿನ ಬೆಳಕನ್ನಾಗಲಿ ರಾತ್ರಿ ಬೆಂಕಿಯ ಬೆಳಕನ್ನಾಗಲಿ ನೋಡಲು ಆಗುತ್ತಿರಲಿಲ್ಲ. ಮೇಲೆ ಇಲಿಗಳ ಕಾಟ, ನಿದ್ದೆ ಇಲ್ಲ. ತಾನು ಕಣ್ಣೆತ್ತಿ ನೋಡಲಾಗದ ಸೂರ್ಯನಿಗಾಗಿ ಆ ಮನುಷ್ಯ ದೇವರನ್ನು ಕೊಂಡಾಡಿದ. ಆಮೇಲೆ ಅಸ್ಸಿಸಿಯ ಧರ್ಮಾಧ್ಯಕ್ಷರಿಗೂ ಊರಿನ ಅಧಿಕಾರಿಗೂ ಜಗಳವಾದಾಗ ಕ್ಷಮಿಸುವವರ ಬಗ್ಗೆ ಒಂದು ನುಡಿ ಸೇರಿಸಿ ಹಾಡಿಸಿದರು, ಅವರು ರಾಜಿಯಾದರು. ಕೊನೆಗೆ ಸಾವನ್ನೂ ಅಕ್ಕ ಎಂದು ಸೇರಿಸಿದರು. 1226ರ ಅಕ್ಟೋಬರ್ 3ರ ಸಂಜೆ ತೀರಿಕೊಂಡರು. ಕಣ್ಣು ವಾಸಿಯಾಗಲಿಲ್ಲ. ಹಾಡು ಉಳಿಯಿತು.

ಇನ್ನೊಬ್ಬರು ನಮ್ಮ ಕಾಲದವರು, ನಮ್ಮ ಏಷ್ಯಾದವರು. ವಿಯೆಟ್ನಾಮಿನ ಫ್ರಾನ್ಸಿಸ್ ಕ್ಸೇವಿಯರ್ ನ್ಗುಯೆನ್ ವಾನ್ ಥುವಾನ್. ಸೈಗಾನಿಗೆ ಮಹಾಧರ್ಮಾಧ್ಯಕ್ಷರಾಗಿ ನೇಮಕವಾದ ಕೆಲವೇ ತಿಂಗಳಿಗೆ, 1975ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನವೇ, ಸರ್ಕಾರ ಅವರನ್ನು ಬಂಧಿಸಿತು. 13 ವರ್ಷ ಸೆರೆ. ಅದರಲ್ಲಿ 9 ವರ್ಷ ಒಂಟಿ ಕೋಣೆ. ಹೊಟ್ಟೆನೋವಿನ ಔಷಧಿ ಅಂತ ಚೀಟಿ ಅಂಟಿಸಿ ಭಕ್ತರು ಒಂದು ಚಿಕ್ಕ ಬಾಟಲಿಯಲ್ಲಿ ದ್ರಾಕ್ಷಾರಸ ಕಳಿಸಿದರು. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು. ಅಂಗೈಯೇ ಪೂಜಾಪಾತ್ರೆ. ಹೀಗೆ ಬಲಿಪೂಜೆ ಅರ್ಪಿಸಿದರು. ಅಂದರೆ ಜೈಲಿನ ಕತ್ತಲಲ್ಲಿ ಕೃತಜ್ಞತೆ ಸಲ್ಲಿಸಿದರು. 1988ರ ನವೆಂಬರ್ 21ರಂದು ಬಿಡುಗಡೆಯಾಯಿತು. ಮುಂದೆ ಕಾರ್ಡಿನಲ್ ಆದರು, 2002ರಲ್ಲಿ ರೋಮಿನಲ್ಲಿ ತೀರಿಕೊಂಡರು. ನಮಗೆ ಸ್ತೋತ್ರ ಹೇಳಲು ದೊಡ್ಡ ದೇವಾಲಯ ಬೇಕು, ಕೀಬೋರ್ಡು ಬೇಕು, ಒಳ್ಳೆಯ ಮೂಡು ಬೇಕು. ಅವರಿಗೆ ಒಂದು ಅಂಗೈ ಸಾಕಾಯಿತು.

ಬೆಟ್ಟದಲ್ಲಿ ಹಾಡಿದ ತಾಯಿ

ಮಾತೆ ಮರಿಯಮ್ಮನವರ ಸ್ತುತಿಗೀತೆ (ಲೂಕ 1:46-55) ಹುಟ್ಟಿದ್ದೂ ಬೆಟ್ಟದ ಸೀಮೆಯಲ್ಲಿ. ನಜರೇತಿನಿಂದ ಜುದೇಯದ ಗುಡ್ಡಗಾಡಿಗೆ ಅವಸರದಿಂದ ನಡೆದುಬಂದು ಎಲಿಜಬೇತಮ್ಮನ ಮನೆಯಲ್ಲಿ ಹಾಡಿದರು. ಆಗ ಅವರ ಪರಿಸ್ಥಿತಿ ಏನು? ಮದುವೆ ನಿಶ್ಚಯವಾದ ಹುಡುಗಿ ಗರ್ಭಿಣಿ. ಊರು ಏನನ್ನುತ್ತದೋ, ಜೋಸೆಫರು ಏನನ್ನುತ್ತಾರೋ. ಒಂದೂ ಇತ್ಯರ್ಥವಾಗಿರಲಿಲ್ಲ. ಆದರೂ ಹಾಡಿದರು. ದೇವರು ಹಿಂದೆ ಮಾಡಿದ್ದನ್ನು ನೆನೆಸಿಕೊಂಡು ಹಾಡಿದರು. ಇದೇ ತಾಯಿ ಮುಂದೆ ಶಿಲುಬೆಯ ಬುಡದಲ್ಲಿ ನಿಂತಾಗ ಹಾಡಿದರೆಂದು ಶುಭಸಂದೇಶದಲ್ಲಿ ಬರೆದಿಲ್ಲ. ನಿಂತಿದ್ದರು ಅಂತ ಮಾತ್ರ ಬರೆದಿದೆ. ಕೆಲವು ದಿನ ಸುಮ್ಮನೆ ನಿಂತಿರುವುದೇ ಸ್ತೋತ್ರ.

ಮನೆಗೆ ಹೋದ ಮೇಲೆ

ಬೆಟ್ಟ ಇಳಿದ ಮೇಲೆ ಏನು ಮಾಡೋಣ? ದೊಡ್ಡ ವ್ರತ ಬೇಡ. ಇಷ್ಟು ಸಾಕು.

1. ಬೆಳಿಗ್ಗೆ ಎದ್ದ ತಕ್ಷಣ, ಮೊಬೈಲ್ ಮುಟ್ಟುವುದಕ್ಕೆ ಮುಂಚೆ, ಶಿಲುಬೆ ಗುರುತು ಹಾಕಿ ಒಂದೇ ಒಂದು ಸ್ತೋತ್ರದ ಮಾತು ಹೇಳಿ. ದಿನಾ ಅದೇ ಮಾತಾಗಿರಲಿ. ಬಾಯಿಗೆ ದಾರಿ ಆಗಬೇಕು.

2. ಊಟಕ್ಕೆ ಕೂತಾಗ ಮುದ್ದೆಯೋ ಅನ್ನವೋ, ತಟ್ಟೆ ಮುಂದೆ ಒಂದು ಕ್ಷಣ ನಿಲ್ಲಿ. ಬೆಳೆದವರನ್ನೂ ಬೇಯಿಸಿದವರನ್ನೂ ನೆನೆಸಿ ದೇವರಿಗೆ ವಂದನೆ ಹೇಳಿ. ಬೇಯಿಸಿದವರಿಗೂ ಒಂದು ಒಳ್ಳೆಯ ಮಾತು ಹೇಳಿ. ಮನೆಯವರಿಗೆ ಥ್ಯಾಂಕ್ಸ್ ಹೇಳದವನು ದೇವರಿಗೆ ಹೇಳುವುದು ಕಷ್ಟ.

3. ಸಂಜೆ ಮನೆಯವರೆಲ್ಲ ಸೇರಿ ಹತ್ತು ನಿಮಿಷ ಕೂತುಕೊಳ್ಳಿ. ಟಿವಿ ಆಫ್ ಮಾಡಿ. ಆ ದಿನ ಆದ ಒಂದೊಂದು ಒಳ್ಳೆಯ ಸಂಗತಿಯನ್ನು ಮಕ್ಕಳೂ ಹೇಳಲಿ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರೂ ಹಿಂದಿರುಗಿ ಬಂದವನು ಒಬ್ಬನೇ, ಅವನೂ ಸಮಾರಿಯದವನು (ಲೂಕ 17). ಹಿಂದಿರುಗಿ ಬರುವುದನ್ನು ಮಕ್ಕಳಿಗೆ ಚಿಕ್ಕಂದಿನಲ್ಲೇ ಕಲಿಸಬೇಕು.

4. ಕಷ್ಟ ಬಂದ ದಿನ ಅದನ್ನು ಮುಚ್ಚಿಡಬೇಡಿ. ಪ್ರಭುವೇ, ನನಗೆ ಸಿಟ್ಟು ಬಂದಿದೆ, ಭಯ ಆಗುತ್ತಿದೆ ಅಂತ ಹೇಳಿ. ಹೇಳಿದ ಮೇಲೆ ದಿನಾ ಹೇಳುವ ಆ ಒಂದು ಮಾತನ್ನೂ ಹೇಳಿ. ಬರೀ ಬಾಯಿಂದ ಬಂದರೂ ಪರವಾಗಿಲ್ಲ.

5. ದುಃಖದಲ್ಲಿರುವವರ ಮನೆಗೆ ಹೋದಾಗ, ಸ್ತೋತ್ರ ಹೇಳಿ, ಎಲ್ಲಾ ಸರಿಹೋಗುತ್ತೆ ಅಂತ ಉಪದೇಶ ಮಾಡಬೇಡಿ. ಅವರ ಜೊತೆ ಕೂತುಕೊಳ್ಳಿ. ಒಂದು ಲೋಟ ಕಾಫಿ ಮಾಡಿಕೊಡಿ. ನಾನು ಮಾಡಿದ ತಪ್ಪು ನಿಮಗೆ ಬೇಡ.

ಬಾಯಿಯೂ ಬಾರದ ದಿನ

ಹಾಗಾದರೆ ಬಾಯಿಯೂ ಬಾರದಿದ್ದರೆ? ಅಭ್ಯಾಸವೂ ನಿಂತುಹೋದರೆ? ಅಂಥ ದಿನವೂ ಬರುತ್ತದೆ. ಆಗ ಬೇರೆಯವರ ಬಾಯನ್ನು ಸಾಲ ತೆಗೆದುಕೊಳ್ಳಿ. ಮಾರ್ಕನ ಶುಭಸಂದೇಶದ 2ನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ಬಡಿದವನೊಬ್ಬನನ್ನು ನಾಲ್ವರು ಹೊತ್ತು ತಂದು, ಮನೆಯ ಮಾಡು ತೆಗೆದು, ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು ಕಂಡದ್ದು ಹೊತ್ತು ತಂದವರ ವಿಶ್ವಾಸವನ್ನು. ಮಲಗಿದ್ದವನು ಆವತ್ತು ಒಂದು ಮಾತೂ ಆಡಿದಂತೆ ಬರೆದಿಲ್ಲ. ದೇವಾಲಯದ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತುಕೊಳ್ಳಿ. ನಿಮ್ಮ ಪರವಾಗಿ ಉಳಿದವರು ಹಾಡುತ್ತಾರೆ. ಇನ್ನೊಂದು ದಿನ ನೀವು ಅವರ ಪರವಾಗಿ ಹಾಡುತ್ತೀರಿ. ಸಭೆ ಅಂತ ಇರುವುದೇ ಅದಕ್ಕೆ. ನಿದ್ದೆ, ಊಟ ಬಿಟ್ಟುಹೋಗಿ, ಬದುಕೇ ಬೇಡ ಅನ್ನಿಸುತ್ತಿದ್ದರೆ ಇವತ್ತೇ ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳಿ, ಡಾಕ್ಟರ ಹತ್ತಿರ ಹೋಗಿ. ಅದು ಅವಿಶ್ವಾಸವಲ್ಲ. ದೇವರು ಕೊಟ್ಟ ಕೈಗಳಲ್ಲಿ ವೈದ್ಯರ ಕೈಯೂ ಒಂದು.

ಕೊನೆಯದಾಗಿ, ಆವತ್ತು ಆಶೀರ್ವಾದ ತೆಗೆದುಕೊಳ್ಳದೆ ಇಳಿದು ಹೋದ ತಾಯಿಗೆ. ಅಮ್ಮಾ, ಈ ಪುಸ್ತಕ ನಿಮ್ಮ ಕೈಗೆ ಸಿಕ್ಕರೆ, ನನ್ನನ್ನು ಕ್ಷಮಿಸಿ. ಯಾವ ಬಾಯಲ್ಲಿ ಹೇಳಲಿ ಅಂತ ಕೇಳಿದಿರಿ. ಅತ್ತ ಬಾಯಲ್ಲೇ ಹೇಳಿ. ಸಿಟ್ಟಾದ ಬಾಯಲ್ಲೇ ಹೇಳಿ. ಆಗದಿದ್ದರೆ ಹೇಳಬೇಡಿ, ನಿಮ್ಮ ಮಗನ ಹೆಸರನ್ನು ಮಾತ್ರ ದೇವರ ಮುಂದೆ ಹೇಳಿ. ನಿಮ್ಮ ಪಾಲಿನ ಸ್ತೋತ್ರವನ್ನು ದಿನಾ ಬೆಳಿಗ್ಗೆ ಇಲ್ಲಿ ಬಲಿಪೀಠದ ಮುಂದೆ ನಾನು ಹೇಳುತ್ತಿದ್ದೇನೆ. ನಿಮ್ಮ ಮನಸ್ಸು ಬರುವವರೆಗೂ ಹೇಳುತ್ತೇನೆ.

ಎಲ್ಲರೂ ಸೇರಿ ಪ್ರಾರ್ಥಿಸೋಣ:

ತಂದೆಯೇ, ಬೆಟ್ಟ ಹತ್ತಿಬಂದ ನಮ್ಮ ಕಾಲುಗಳನ್ನು ನೋಡಿರಿ, ನಾವು ಹೊತ್ತು ತಂದ ಭಾರವನ್ನೂ ನೋಡಿರಿ. ಸುಖದ ದಿನ ನಿಮ್ಮನ್ನು ಮರೆಯದಂತೆ, ಕಷ್ಟದ ದಿನ ನಿಮ್ಮಿಂದ ಮುಖ ತಿರುಗಿಸದಂತೆ ನಮ್ಮನ್ನು ಕಾಪಾಡಿರಿ. ನಮ್ಮ ಮನಸ್ಸು ಹಿಂದೆ ಬಿದ್ದಾಗ ನಮ್ಮ ಬಾಯಲ್ಲಿ ನಿಮ್ಮ ನಾಮವನ್ನು ಉಳಿಸಿರಿ. ಬಾಯಿಯೂ ಸೋತಾಗ ನಮ್ಮ ಕಣ್ಣೀರನ್ನೇ ಸ್ತೋತ್ರವೆಂದು ಸ್ವೀಕರಿಸಿರಿ. ನಮ್ಮನ್ನು ಬಿಟ್ಟುಹೋದ ಪ್ರಿಯರಿಗೆ ನಿತ್ಯ ವಿಶ್ರಾಂತಿಯನ್ನು ಕೊಡಿರಿ. ನಮ್ಮ ಪ್ರಭು ಯೇಸುಕ್ರಿಸ್ತರ ಮೂಲಕ ಬೇಡಿಕೊಳ್ಳುತ್ತೇವೆ. ಆಮೆನ್.

ನಿಧಾನವಾಗಿ ಇಳಿಯಿರಿ. ಮೆಟ್ಟಿಲು ಜೋಪಾನ. ದೇವರು ನಿಮ್ಮ ಜೊತೆಗಿರಲಿ.